ಮೊದಲು ಕೊಟ್ಟಿಗೆ, ಆಮೇಲೆ ಕಾಯಿದೆ

1927ರ ಮಳೆಗಾಲದ ಹೊತ್ತಿಗೆ ಮೈಸೂರು ಸರ್ಕಾರದ ಮುಂದೆ ಒಂದು ಕಗ್ಗಂಟು ಬಂದು ಕೂತಿತ್ತು. ಸಂಸ್ಥಾನದಲ್ಲಿ ಗೋಹತ್ಯೆಯನ್ನು ಕಾಯಿದೆ ಮಾಡಿ ನಿಲ್ಲಿಸಬೇಕೆಂಬ ಕೂಗು ಎದ್ದಿತ್ತು. ಸಿಂಹಾಸನದ ಮೇಲಿದ್ದವರು ಧರ್ಮಶ್ರದ್ಧೆಗೆ ಹೆಸರಾದ ನಾಲ್ವಡಿ ಕೃಷ್ಣರಾಜ ಒಡೆಯರು. ದಿವಾನಗಿರಿಯಲ್ಲಿದ್ದವರು ಮಿರ್ಜಾ ಇಸ್ಮಾಯಿಲ್. ಅಧಿಕಾರ ವಹಿಸಿಕೊಂಡು ಒಂದು ವರ್ಷ ಕಳೆದಿತ್ತಷ್ಟೆ. ಕಾಯಿದೆ ಮಾಡಿದರೆ ಒಂದು ಪಂಗಡಕ್ಕೆ ನೋವು, ಮಾಡದಿದ್ದರೆ ಇನ್ನೊಂದಕ್ಕೆ ಅಸಮಾಧಾನ. ಮುಸಲ್ಮಾನ ದಿವಾನರು ಯಾವ ಕಡೆ ವಾಲಿದರೂ ಮಾತು ತಪ್ಪಿದ್ದಲ್ಲ. ಇಂಥ ಹೊತ್ತಿನಲ್ಲಿ ಎಲ್ಲ ಸರ್ಕಾರಗಳೂ ಮಾಡುವುದನ್ನೇ ಮೈಸೂರೂ ಮಾಡಿತು. ಗೋಸಂರಕ್ಷಣೆಗೆಂದು ಒಂದು ಸಮಿತಿ ನೇಮಿಸಿತು. ಆ ಸಮಿತಿಗೆ, ಬೆಂಗಳೂರಿನಲ್ಲೇ ಆರೋಗ್ಯ ಸುಧಾರಿಸಿಕೊಳ್ಳುತ್ತಿದ್ದ ಗಾಂಧೀಜಿಯ ಅಭಿಪ್ರಾಯ ಬೇಕಾಯಿತು.

ಮಾರ್ಚ್ ಕೊನೆಯಲ್ಲಿ ಪ್ರವಾಸದ ನಡುವೆ ರಕ್ತದೊತ್ತಡ ಏರಿ ಗಾಂಧೀಜಿ ಕುಸಿದಿದ್ದರು. ವೈದ್ಯರು ತಂಪು ಜಾಗ ಹುಡುಕಿಕೊಳ್ಳಿ ಎಂದರು. ಏಪ್ರಿಲ್‌ನಲ್ಲಿ ನಂದಿಬೆಟ್ಟ, ಜೂನ್ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ ಸಂಸ್ಥಾನದ ಅತಿಥಿಯಾಗಿ ಬೆಂಗಳೂರಿನ ಕುಮಾರಪಾರ್ಕ್. ಜೊತೆಗೆ ನಿಂತು ನೋಡಿಕೊಂಡವರಲ್ಲಿ ರಾಜಾಜಿಯೂ ಒಬ್ಬರು. (ಅವರ ಮಗಳು ಲಕ್ಷ್ಮಿ, ಗಾಂಧೀಜಿಯ ಮಗ ದೇವದಾಸ್ ಪರಸ್ಪರ ಮೆಚ್ಚಿಕೊಂಡದ್ದೂ ಈ ದಿನಗಳಲ್ಲೇ. ಎರಡೂ ಮನೆಯ ಹಿರಿಯರು ಒಪ್ಪಿ ಮದುವೆ ಆಗುವಾಗ 1933 ಬಂದಿತ್ತು.) ಸುಮ್ಮನೆ ಕೂರುವುದು ಗಾಂಧೀಜಿಯ ಜಾಯಮಾನವಲ್ಲ. ದೊಡ್ಡ ಸಭೆಗಳು ಇಲ್ಲದ್ದರಿಂದ ದೊರೆತ ಬಿಡುವಿನಲ್ಲಿ ಅವರು ಹಸು ಸಾಕುವ ವಿದ್ಯೆ ಕಲಿಯಲು ಹೊರಟರು.

ಕಲಿಯಲು ಹೋದ ಜಾಗ ಆಡುಗೋಡಿ. ಆಗ ಅದು ಊರಿನ ದಕ್ಷಿಣದ ಅಂಚು. ಲಾಲ್‌ಬಾಗ್ ದಾಟಿ ಹೊಸೂರು ರಸ್ತೆ ಹಿಡಿದರೆ ಎರಡೂ ಕಡೆ ಹೊಲ, ಕೆರೆ, ತೋಪು. ಬೈರಸಂದ್ರ, ತಾವರೆಕೆರೆ, ಮಡಿವಾಳ ಇನ್ನೂ ಮೂರು ಬೇರೆ ಬೇರೆ ಹಳ್ಳಿಗಳು. ಆ ಮೂರರ ಮೊದಲಕ್ಷರ ಸೇರಿಸಿ ಬಿಟಿಎಂ ಎಂಬ ಬಡಾವಣೆ ಆಗುವುದಕ್ಕೆ ಇನ್ನೂ ಬಹಳ ವರ್ಷಗಳಿದ್ದವು. ದಂಡಿನ ಸೋಲ್ಜರುಗಳಿಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಮಿಲಿಟರಿ ಡೇರಿಗಳ ಅನುಭವದ ಮೇಲೆ ಬ್ರಿಟಿಷ್ ಸರ್ಕಾರ 1923ರಲ್ಲಿ ಅಲ್ಲಿ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆಯನ್ನು ತೆರೆದಿತ್ತು. ಮುಖ್ಯಸ್ಥ ವಿಲಿಯಂ ಸ್ಮಿತ್. ಹುದ್ದೆಯ ಹೆಸರು ಇಂಪೀರಿಯಲ್ ಡೇರಿ ತಜ್ಞ. ಗಾಂಧೀಜಿ, ಪಂಡಿತ ಮದನಮೋಹನ ಮಾಲವೀಯರು ಅಲ್ಲಿ ಹದಿನೈದು ದಿನದ ತರಬೇತಿ ಪಡೆದರೆಂದು ಸಂಸ್ಥೆಯವರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮೇವಿನ ಅಳತೆ, ಹಾಲಿನ ಲೆಕ್ಕ, ಕರು ಸಾಕುವ ಕ್ರಮ, ತಳಿ ಆಯ್ಕೆ, ಇದು ಪಾಠ. ಸಂಸ್ಥೆಯ ಕಣ್ಮಣಿ ಜಿಲ್ ಎಂಬ ಮಿಶ್ರತಳಿ ಹಸು. ಕೊಡಗಟ್ಟಲೆ ಹಾಲು ಕರೆಯುತ್ತಿದ್ದ ಅದರ ಹೆಸರು ಗಾಂಧೀಜಿಯ ಭೇಟಿಯ ಜೊತೆಗೇ ಉಳಿದುಕೊಂಡಿದೆ.

ಈ ಶಿಷ್ಯ ಹಸುವಿನ ಹಾಲನ್ನೇ ಕುಡಿಯುತ್ತಿರಲಿಲ್ಲ ಎನ್ನುವುದು ಕತೆಯ ಒಂದು ಸೊಗಸು. ಕಲ್ಕತ್ತೆಯ ಗೌಳಿಗರು ಹೆಚ್ಚು ಹಾಲಿಗಾಗಿ ಹಸುವಿನ ಮೇಲೆ ನಡೆಸುತ್ತಿದ್ದ ಫೂಕಾ ಎಂಬ ಘೋರ ಪದ್ಧತಿಯ ವಿಷಯ ಓದಿದ ಮೇಲೆ, 1912ರಲ್ಲಿ ಗಾಂಧೀಜಿ ಹಾಲು ಬಿಟ್ಟಿದ್ದರು. ಆಮೇಲೆ ಕಾಯಿಲೆ ಬಿದ್ದು, ಕಸ್ತೂರಬಾ ಒತ್ತಾಯಕ್ಕೆ ಮೇಕೆ ಹಾಲಿಗೆ ಒಪ್ಪಿದರು. ಫೂಕಾ ಕಾನೂನುಬಾಹಿರವಾಗಿ ಆಗಲೇ ಎಷ್ಟೋ ಕಾಲವಾಗಿತ್ತು. 1890ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲೇ ಅದಕ್ಕೆ ದಂಡ, ಜೈಲು ಎರಡೂ ಇದ್ದವು. ಆದರೂ ಇಪ್ಪತ್ತೆರಡು ವರ್ಷದ ಮೇಲೆ ಅದು ನಡೆಯುತ್ತಲೇ ಇತ್ತು. ಕೊಟ್ಟಿಗೆಯ ಕತ್ತಲಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ನಡೆಯುವ ಕೆಲಸಕ್ಕೆ ಯಾವ ಪೊಲೀಸು ಕಾವಲು? ಮೈಸೂರಿನ ಸಮಿತಿಗೆ ಗಾಂಧೀಜಿ ಕೊಟ್ಟ ಉತ್ತರವನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಅದಕ್ಕೂ ಹಿಂದಿನದು ಸ್ವಲ್ಪ ಹೇಳದಿದ್ದರೆ ಉತ್ತರದ ತೂಕ ತಿಳಿಯುವುದಿಲ್ಲ. 1880ರ ದಶಕದಲ್ಲಿ ದಯಾನಂದ ಸರಸ್ವತಿಗಳ ಪ್ರೇರಣೆಯಿಂದ ಉತ್ತರ ಹಿಂದುಸ್ತಾನದಲ್ಲಿ ಗೋರಕ್ಷಣಾ ಸಭೆಗಳು ಹುಟ್ಟಿಕೊಂಡವು. 1893ರ ಹೊತ್ತಿಗೆ ಆ ಚಳವಳಿ ದೊಡ್ಡ ಗಲಭೆಗಳಿಗೆ ತಿರುಗಿ ಎಷ್ಟೋ ಜೀವ ಹೋದವು. ಹಸುವಿನ ಹೆಸರಿನಲ್ಲಿ ಮನುಷ್ಯರು ಸತ್ತರೇ ಹೊರತು ಹಸು ಉಳಿಯಲಿಲ್ಲ ಎಂದು ಗಾಂಧೀಜಿಗೆ 1909ರ ಹೊತ್ತಿಗೇ ಅನ್ನಿಸಿತ್ತು. ಆ ವರ್ಷ ಬರೆದ ಹಿಂದ್ ಸ್ವರಾಜ್‌ನಲ್ಲಿ, ಹಸುವಿಗಾಗಿ ಮುಸಲ್ಮಾನ ಸೋದರನನ್ನು ಕೈಮುಗಿದು ಕೇಳುತ್ತೇನೆ, ಕೇಳದಿದ್ದರೆ ಅವನ ಮೇಲೆ ಕೈ ಮಾಡುವುದಿಲ್ಲ ಎಂಬ ನಿಲುವು ತೆಗೆದುಕೊಂಡಿದ್ದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ, ಅವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನದ ಮಗ್ಗುಲಲ್ಲೇ, ಗೋರಕ್ಷಣಾ ಪರಿಷತ್ತೂ ಸೇರಿತು; ಅದಕ್ಕೂ ಅವರೇ ಅಧ್ಯಕ್ಷರು. ಮರುವರ್ಷ ಅಖಿಲ ಭಾರತ ಮಟ್ಟದ ಗೋರಕ್ಷಣಾ ಸಂಘ ಅದರಿಂದ ಹುಟ್ಟಿತು. ಅಷ್ಟರಲ್ಲಿ ಅವರ ಮಾತಿನ ಧಾಟಿ ಬದಲಾಗಿತ್ತು. ಮುಸಲ್ಮಾನರನ್ನು ಕೇಳಿಕೊಳ್ಳುವುದಕ್ಕಿಂತ ಹೆಚ್ಚಾಗಿ ಅವರು ಹಿಂದೂಗಳ ಕೊಟ್ಟಿಗೆಯ ಕಡೆ ಬೊಟ್ಟು ಮಾಡುತ್ತಿದ್ದರು. ಎಲುಬು ಕಾಣುವ ರಾಸು, ಹೊಟ್ಟೆಗಿಲ್ಲದ ಕರು, ಗೊಡ್ಡು ಬಿದ್ದೊಡನೆ ಸಂತೆಗೆ ಅಟ್ಟುವ ಯಜಮಾನ. ಕಸಾಯಿಯವನಿಗೆ ಹಸು ಆಕಾಶದಿಂದ ಬೀಳುವುದಿಲ್ಲ, ಯಾರೋ ಮಾರಿದ್ದರಿಂದಲೇ ಸಿಗುತ್ತದೆ ಎನ್ನುವ ಸರಳ ಲೆಕ್ಕ.

1927ರ ಜುಲೈ ಮೊದಲ ವಾರದ 'ಯಂಗ್ ಇಂಡಿಯಾ'ದಲ್ಲಿ ಮೈಸೂರಿನ ಸಮಿತಿಗೆ ಅವರು ಕೊಟ್ಟ ಅಭಿಪ್ರಾಯ ಅಚ್ಚಾಯಿತು. ಧರ್ಮದ ಆಧಾರದ ಮೇಲೆ, ಒಪ್ಪದ ಜನರ ತಲೆಯ ಮೇಲೆ ನಿಷೇಧ ಹೇರುವುದು ಸರಿಯಲ್ಲ. ಮುಸಲ್ಮಾನರಲ್ಲಿ ಬಹುಪಾಲು ಜನ ಒಪ್ಪಿದರೆ ಕಾಯಿದೆಗೆ ತಕರಾರಿಲ್ಲ. ಆದರೆ ಕಾಯಿದೆ ಎನ್ನುವುದು ಗೋರಕ್ಷಣೆಯ ಕೆಲಸದಲ್ಲಿ ಅತ್ಯಂತ ಸಣ್ಣ ಪಾಲು. ಒಂದು ಕೆಡುಕಿನ ವಿರುದ್ಧ ಶಾಸನ ಪಾಸಾದರೆ ಸಾಕು, ಅದು ತಾನಾಗಿಯೇ ಸತ್ತುಹೋಗುತ್ತದೆ ಎಂದು ಜನ ನಂಬುವುದು ತಮಗೆ ತಾವೇ ಹೇಳಿಕೊಳ್ಳುವ ಸುಳ್ಳು. ಇದು ಅವರ ವಾದದ ತಿರುಳು. ಹಾಗಾದರೆ ಸರ್ಕಾರ ಮಾಡಬೇಕಾದ್ದೇನು? ಅದಕ್ಕೂ ಪಟ್ಟಿ ಕೊಟ್ಟರು. ಮಾರಾಟಕ್ಕೆ ಬರುವ ರಾಸುಗಳನ್ನು ಬೇರೆಲ್ಲರಿಗಿಂತ ಹೆಚ್ಚು ಬೆಲೆ ಕೂಗಿ ಸಂತೆಯಲ್ಲೇ ಸರ್ಕಾರ ಕೊಳ್ಳಲಿ. ದೊಡ್ಡ ಊರುಗಳಲ್ಲೆಲ್ಲ ಡೇರಿ ನಡೆಸಿ ಅಗ್ಗದ ಹಾಲು ಕೊಡಲಿ. ಸತ್ತ ರಾಸುಗಳ ಚರ್ಮ ಹದ ಮಾಡುವ ಕಾರ್ಖಾನೆ ತೆರೆಯಲಿ. ಮಾದರಿ ಪಶುಶಾಲೆಗಳನ್ನಿಟ್ಟು ಜನರಿಗೆ ಸಾಕುವ ಕ್ರಮ ಕಲಿಸಲಿ. ಹುಲ್ಲುಗಾವಲಿಗೆ ಧಾರಾಳವಾಗಿ ಜಮೀನು ಬಿಡಲಿ. ಇದಕ್ಕೆಲ್ಲ ಒಂದು ಪ್ರತ್ಯೇಕ ಇಲಾಖೆ ಇರಲಿ, ಅದು ಲಾಭ ನೋಡದಿರಲಿ.

ಸರ್ಕಾರದ ಕೈ ಆದಷ್ಟು ಚಿಕ್ಕದಿರಬೇಕು ಎಂದು ವಾದಿಸುವವರು ಗಾಂಧೀಜಿಯ ಈ ಉತ್ತರದ ಮೊದಲರ್ಧವನ್ನು ಮಾತ್ರ ಉದ್ಧರಿಸುವುದುಂಟು. ನನಗೂ ಆ ವಾದದ ಕಡೆ ಒಲವಿದೆ. ಆದರೆ ಎರಡನೆಯ ಅರ್ಧವನ್ನು ಬಚ್ಚಿಡುವುದು ನ್ಯಾಯವಲ್ಲ. ಸಂತೆಯ ರಾಸನ್ನೆಲ್ಲ ಕೊಳ್ಳುವ ಸರ್ಕಾರ ಚಿಕ್ಕ ಸರ್ಕಾರವಲ್ಲ. ಅವರು ಬೇಡವೆಂದದ್ದು ಸರ್ಕಾರದ ದೊಣ್ಣೆಯನ್ನು, ಅದರ ಥೈಲಿಯನ್ನಲ್ಲ. ಪ್ರಜೆಯ ಒಪ್ಪಿಗೆಯಿಲ್ಲದೆ ಅವನ ಊಟ, ವ್ಯಾಪಾರ, ಕೊಟ್ಟಿಗೆಯೊಳಗೆ ನುಗ್ಗಬೇಡ. ನುಗ್ಗಲೇಬೇಕೆಂದರೆ ಎಲ್ಲರಂತೆ ಸಂತೆಗೆ ಬಂದು ಕಾಸು ಎಣಿಸು ಎನ್ನುವ ನಿಲುವು ಅದು. ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಕೆಲವರಿಗೆ ಇದು ಹಿಂದೂ ಮುಸ್ಲಿಂ ಐಕ್ಯಕ್ಕಾಗಿ ಗಾಂಧೀಜಿ ಹೂಡಿದ ಜಾಣ ರಾಜಕಾರಣ. ಇನ್ನು ಕೆಲವರಿಗೆ ಸ್ಮಿತ್ ಅಂಥವರಿಂದ ಕಲಿತ ಶುದ್ಧ ಅರ್ಥಶಾಸ್ತ್ರ. ಎರಡೂ ಇತ್ತು ಎಂದರೆ ತಪ್ಪಾಗಲಾರದು.

ಮೈಸೂರಿಗೆ ಸರ್ಕಾರದ ಹಸು ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದಿಂದ ಅರಮನೆಗೆ 'ಬೆಣ್ಣೆ ಚಾವಡಿ' ಎಂಬ ಪಶು ಇಲಾಖೆಯೇ ಇತ್ತು. ಹೈದರ್ ಅದನ್ನು ಬೆಳೆಸಿ ಫಿರಂಗಿ ಎಳೆಯುವ ಎತ್ತುಗಳ ಪಡೆ ಕಟ್ಟಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. 1799ರ ನಂತರ ಆ ಮಂದೆ ಕಂಪನಿಯ ಕೈಗೆ ಹೋಯಿತು. 1860ರಲ್ಲಿ ಖರ್ಚು ಉಳಿಸುವ ಹುಮ್ಮಸ್ಸಿನಲ್ಲಿ ಮದರಾಸು ಸರ್ಕಾರ ಮಂದೆಯನ್ನೇ ಮಾರಿಹಾಕಿತು. ಒಳ್ಳೊಳ್ಳೆಯ ರಾಸುಗಳನ್ನು ಈಜಿಪ್ಟಿನ ಪಾಷಾ ಕೊಂಡೊಯ್ದ. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ ಪರದಾಟವಾದಾಗ 1866ರಲ್ಲಿ ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಚಿಕ್ಕ ಸರ್ಕಾರದ ಪಕ್ಷಪಾತಿಗಳಿಗೆ ಈ ಪ್ರಸಂಗ ಅಷ್ಟು ರುಚಿಸುವುದಿಲ್ಲ.

ಗಾಂಧೀಜಿ ಆಗಸ್ಟಿನಲ್ಲಿ ಮಹಾರಾಜರ ಆಳ್ವಿಕೆಯ ಬೆಳ್ಳಿಹಬ್ಬ ಕಂಡು ಬೆಂಗಳೂರು ಬಿಟ್ಟರು. ಇಪ್ಪತ್ತು ವರ್ಷದ ನಂತರ ಅದೇ ಪ್ರಶ್ನೆ ಅವರನ್ನು ದಿಲ್ಲಿಯಲ್ಲಿ ಹುಡುಕಿಕೊಂಡು ಬಂತು. 1947ರ ಜುಲೈನಲ್ಲಿ ಬಾಬು ರಾಜೇಂದ್ರ ಪ್ರಸಾದರ ಬಳಿಗೆ ಐವತ್ತು ಸಾವಿರದಷ್ಟು ಪೋಸ್ಟ್‌ಕಾರ್ಡುಗಳು ಬಂದು ಬಿದ್ದವು: ಸ್ವತಂತ್ರ ಭಾರತದಲ್ಲಿ ಗೋಹತ್ಯೆ ನಿಷೇಧಿಸಿ. ಗಾಂಧೀಜಿ ಸಂಜೆಯ ಪ್ರಾರ್ಥನಾ ಸಭೆಯಲ್ಲಿ ಹೇಳಿದ್ದು ಹಳೆಯ ಮಾತನ್ನೇ: ಇದು ಹಿಂದೂಗಳದಷ್ಟೇ ದೇಶವಲ್ಲ, ಇಂಥ ಕಾಯಿದೆ ಸಲ್ಲದು. ಆರು ತಿಂಗಳಲ್ಲಿ ಅವರೇ ಇರಲಿಲ್ಲ.

1948ರಲ್ಲಿ ಎರಡು ಸಂಗತಿ ನಡೆದವು. ಹಳೆ ಮೈಸೂರಿನಲ್ಲಿ ಗೋಹತ್ಯೆ ತಡೆ ಕಾಯಿದೆ ಬಂತು. ನವೆಂಬರ್ 24ರಂದು ಸಂವಿಧಾನ ಸಭೆಯಲ್ಲಿ ಪಂಡಿತ ಠಾಕುರ್ ದಾಸ್ ಭಾರ್ಗವರ ಗೋರಕ್ಷಣೆಯ ತಿದ್ದುಪಡಿ ಚರ್ಚೆಗೆ ಬಂತು. ಸಂಯುಕ್ತ ಪ್ರಾಂತದ ಝಡ್. ಎಚ್. ಲಾರಿ ಎದ್ದು, ಬಹುಸಂಖ್ಯಾತರಿಗೆ ಇದು ಬೇಕೆಂದಿದ್ದರೆ ನೇರವಾಗಿ ಸ್ಪಷ್ಟ ಮಾತಿನಲ್ಲಿ ಬರೆಯಿರಿ, ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ ಎನ್ನುವ ಅರ್ಥದ ಮಾತಾಡಿದರು. ಇಟ್ಟದ್ದು ಅಡ್ಡಗೋಡೆಯ ಮೇಲೆಯೇ. ಕೊನೆಗೆ 48ನೇ ವಿಧಿಯಾಗಿ ನಿಂತ ವಾಕ್ಯದಲ್ಲಿ, ಆಧುನಿಕ ವೈಜ್ಞಾನಿಕ ಕ್ರಮದಲ್ಲಿ ಪಶುಸಂಗೋಪನೆ ನಡೆಯಲಿ ಎನ್ನುವ ಮಾತೂ ಇದೆ, ಹಸು ಕರುಗಳ ವಧೆ ನಿಷೇಧಿಸಲಿ ಎನ್ನುವ ಮಾತೂ ಇದೆ. 1927ರಲ್ಲಿ ಬೆಂಗಳೂರಿನಲ್ಲಿ ಒಂದಕ್ಕೊಂದು ಎದುರಾಗಿ ನಿಂತಿದ್ದ ಎರಡು ದಾರಿಗಳನ್ನು ಒಂದೇ ವಾಕ್ಯದೊಳಗೆ ಕಟ್ಟಿಹಾಕಿ, ನ್ಯಾಯಾಲಯದಲ್ಲಿ ಜಾರಿ ಮಾಡಲಾಗದ ನಿರ್ದೇಶಕ ತತ್ವಗಳ ಸಾಲಿಗೆ ಸೇರಿಸಿಬಿಟ್ಟರು.

ಅದೇ 1948ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿ ಬೆಂಗಳೂರಿಗೆ ಬಂದು ಜಯನಗರ ಬಡಾವಣೆಗೆ ಅಡಿಗಲ್ಲು ಹಾಕಿದರು; ಅದರ ನೆನಪಿಗೆ ನಿಂತದ್ದೇ ಅಶೋಕ ಪಿಲ್ಲರ್. ಆ ಕಂಬದ ಸುತ್ತ ದಿನಕ್ಕೆ ನೂರು ಸಲ ಗಾಡಿ ತಿರುಗಿಸುವ ನಮಗೆ ಅಶೋಕನ ಒಂದು ಶಾಸನ ನೆನಪಾಗುವುದು ಕಷ್ಟ. ಇಂದು ದಿಲ್ಲಿಯಲ್ಲಿರುವ ತೋಪ್ರಾ ಕಂಬದ ಏಳನೆಯ ಶಾಸನದಲ್ಲಿ ಸಾಮ್ರಾಟ ತನ್ನ ಇಪ್ಪತ್ತೇಳು ವರ್ಷದ ಆಳ್ವಿಕೆಯನ್ನು ತೂಗಿ ನೋಡುತ್ತಾನೆ. ಇಂತಿಂಥ ಪ್ರಾಣಿಗಳನ್ನು ಕೊಲ್ಲಬಾರದೆಂದು ಆಜ್ಞೆ ಮಾಡಿದ್ದೇನೆ ಎನ್ನುತ್ತಾನೆ; ಬೆನ್ನಲ್ಲೇ, ಆಜ್ಞೆಯಿಂದ ಆದದ್ದು ಅಲ್ಪ, ಜನರ ಮನವೊಲಿಕೆಯಿಂದ ಆದದ್ದು ಹೆಚ್ಚು ಎನ್ನುತ್ತಾನೆ. ಆನೆ ಕುದುರೆ ಕಾಲಾಳು ಎಲ್ಲ ಇದ್ದವನ ಮಾತಿದು. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಪರ್ಮಿಟ್ ಲೈಸೆನ್ಸ್ ಸರ್ಕಾರದ ಮೇಲೆ ಯುದ್ಧ ಸಾರಿದ ರಾಜಾಜಿಗೆ ಅದು ಒಪ್ಪಿಗೆಯಾಗುತ್ತಿತ್ತು ಅಂತ ನನ್ನ ಊಹೆ.

ಇತ್ತ ಆಡುಗೋಡಿಯ ಸಂಸ್ಥೆಗೆ 1940ರ ದಶಕದಲ್ಲಿ ಕೇರಳದ ಒಬ್ಬ ತರುಣ ಎಂಜಿನಿಯರ್ ಬಂದು ಸೇರಿದ. ಸರ್ಕಾರಿ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೊರಟಿದ್ದ ಅವನಿಗೆ ಹೈನುಗಾರಿಕೆಯಲ್ಲಿ ಕಾಸಿನಷ್ಟೂ ಆಸಕ್ತಿ ಇರಲಿಲ್ಲ. ವಿದ್ಯಾರ್ಥಿವೇತನ ಸಿಕ್ಕದ್ದು ಅದರಲ್ಲಿ, ಅದಕ್ಕೇ ಬಂದ. ಹಡಗು ಹತ್ತುವ ಮೊದಲು ಕೆಲವು ತಿಂಗಳು ಇಲ್ಲಿ ಕಳೆದ. ಹೆಸರು ವರ್ಗೀಸ್ ಕುರಿಯನ್. ಮುಂದಿನದು ಎಲ್ಲರಿಗೂ ಗೊತ್ತಿರುವ, ಗುಜರಾತಿನ ಆನಂದ್ ಊರಿನ ಹಾಲಿನ ಕತೆ. ಸಂಸ್ಥೆಯ ಕೇಂದ್ರ 1955ರಲ್ಲಿ ಕರ್ನಾಲಿಗೆ ಹೋಯಿತು. ಆಡುಗೋಡಿಯದು ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು.

ಬೆಂಗಳೂರಿನಲ್ಲಿ ಆಗ ಹಾಲೆಂದರೆ ಗೌಳಿಗರು. ಬಸವನಗುಡಿ, ಚಾಮರಾಜಪೇಟೆ, ಹೊಸ ಜಯನಗರದ ಮನೆಗಳ ಮುಂದೆ ಹಸುವನ್ನೇ ಹೊಡೆದುಕೊಂಡು ಬಂದು, ಮನೆಯಾಕೆ ನಿಂತು ನೋಡುತ್ತಿರುವಂತೆ ಕರೆದು ಕೊಡುವುದು. ಪಾತ್ರೆಯನ್ನು ಮೊದಲು ಬೋರಲು ಹಾಕಿ ತೋರಿಸಬೇಕು, ತಳದಲ್ಲಿ ನೀರಿಲ್ಲವೆಂದು. ಕಲಬೆರಕೆಗೆ ಮದ್ದು ಇನ್ಸ್‌ಪೆಕ್ಟರ್ ಆಗಿರಲಿಲ್ಲ, ಹೊಸ್ತಿಲಲ್ಲಿ ನಿಂತ ಅಜ್ಜಿಯ ಕಣ್ಣಾಗಿತ್ತು. ಊರು ಬೆಳೆದ ಹಾಗೆ ಆ ಲೆಕ್ಕ ಸಾಲದಾಯಿತು. ಯುನಿಸೆಫ್ ನೆರವಿನಿಂದ ಹೊಸೂರು ರಸ್ತೆಯಲ್ಲಿ ಬೆಂಗಳೂರು ಡೇರಿ ಎದ್ದಿತು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಅದನ್ನು ಉದ್ಘಾಟಿಸಿದರು. ಬನ್ನೇರುಘಟ್ಟ ರಸ್ತೆ ಒಡೆಯುವ ಜಾಗಕ್ಕೆ ಡೇರಿ ಸರ್ಕಲ್ ಎಂಬ ಹೆಸರು ಬಂದದ್ದು ಅದರಿಂದ. ಗಾಂಧೀಜಿ ಪಾಠ ಹೇಳಿಸಿಕೊಂಡ ಜಾಗಕ್ಕೆ ಅಲ್ಲಿಂದ ಕೂಗಳತೆ. 1974ರಲ್ಲಿ ವಿಶ್ವಬ್ಯಾಂಕಿನ ಸಾಲದ ಬಲದಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ, ಹಳ್ಳಿ ಹಳ್ಳಿಯಲ್ಲಿ ಹಾಲಿನ ಸೊಸೈಟಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ, ನಂದಿನಿ. ಹಾಲು ಹಾಕಿದ ರೈತ ಹೆಂಗಸಿನ ಕೈಗೆ ಫ್ಯಾಟ್ ಲೆಕ್ಕದಲ್ಲಿ ನಿಗದಿತ ದಿನ ದುಡ್ಡು ಬರತೊಡಗಿತು. ಕರೆಯುವ ಹಸುವಿಗೆ ಹಿಂಡಿ ಬೂಸ ಬಿತ್ತು. ಮೈಸೂರು ಸೀಮೆಯ ಕೊಟ್ಟಿಗೆಯಲ್ಲಿ ಹಸುವಿನ ಮೈ ತುಂಬಿದ್ದರೆ ಅದಕ್ಕೆ ಸೊಸೈಟಿಯ ಈ ದುಡ್ಡು ಮಾಡಿದಷ್ಟನ್ನು ಬೇರೆ ಯಾವುದೂ ಮಾಡಿಲ್ಲ.

ಕಾಯಿದೆಯ ದಾರಿಯೂ ಜೊತೆಜೊತೆಗೇ ಸಾಗಿತ್ತು. 1958ರ ಖುರೇಷಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಸು ಕರುಗಳ ವಧೆ ನಿಷೇಧವನ್ನು ಎತ್ತಿಹಿಡಿದು, ಕೆಲಸಕ್ಕೆ ಬಾರದ ಹೋರಿ ಎತ್ತುಗಳ ಪೂರ್ತಿ ನಿಷೇಧ ಸಲ್ಲದು ಎಂದಿತು. 2005ರಲ್ಲಿ ಅದೇ ಕೋರ್ಟಿನ ದೊಡ್ಡ ಪೀಠ ಆ ಮಾತನ್ನು ತಿರುಗಿಸಿತು. ಏಕೀಕರಣದ ನಂತರ ಒಂದೊಂದು ಸೀಮೆಗೆ ಒಂದೊಂದು ಕಾನೂನಿದ್ದದ್ದನ್ನು ಸರಿಪಡಿಸಲು ನಿಜಲಿಂಗಪ್ಪನವರ ಸರ್ಕಾರ 1964ರ ಕಾಯಿದೆ ತಂದಿತು. ಹಸುವಿಗೆ, ಕರುವಿಗೆ ರಕ್ಷಣೆ. ಹನ್ನೆರಡು ವರ್ಷ ದಾಟಿದ ಅಥವಾ ದುಡಿಮೆಗೂ ತಳಿಗೂ ಬಾರದ ಎತ್ತು, ಎಮ್ಮೆ ಕೋಣಗಳಿಗೆ ಸರ್ಟಿಫಿಕೇಟ್ ಪಡೆದು ವಧೆ. ತಪ್ಪಿದವರಿಗೆ ಆರು ತಿಂಗಳು, ಸಾವಿರ ರೂಪಾಯಿ. ಹೆಚ್ಚು ಸದ್ದು ಮಾಡದ, ರೈತನಿಗೆ ಉಸಿರಾಡಲು ಒಂದು ಕಿಂಡಿ ಬಿಟ್ಟ ಕಾಯಿದೆ. ಐವತ್ತಾರು ವರ್ಷ ಅದೇ ನಡೆಯಿತು.

1966ರ ನವೆಂಬರಿನಲ್ಲಿ ಸಂಸತ್ತಿನ ಮುಂದೆ ಗೋಹತ್ಯೆ ನಿಷೇಧಕ್ಕಾಗಿ ನಡೆದ ಮೆರವಣಿಗೆ ಗೋಲಿಬಾರಿನಲ್ಲಿ ಮುಗಿದಾಗ ಇಂದಿರಾ ಗಾಂಧಿ ಮತ್ತೊಂದು ಸಮಿತಿ ಮಾಡಿದರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಎ. ಕೆ. ಸರ್ಕಾರ್ ಅಧ್ಯಕ್ಷರು. ಒಳಗೆ ಪುರಿ ಶಂಕರಾಚಾರ್ಯರು, ಆರೆಸ್ಸೆಸ್‌ನ ಗೋಳ್ವಲ್ಕರ್, ಅರ್ಥಶಾಸ್ತ್ರಜ್ಞ ಅಶೋಕ್ ಮಿತ್ರ, ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ನಿರ್ದೇಶಕ ಪಾರ್ಪಿಯಾ, ಮತ್ತು ಆಡುಗೋಡಿಯ ಹಳೆಯ ವಿದ್ಯಾರ್ಥಿ ಕುರಿಯನ್. ಕುರಿಯನ್ ಪೂರ್ತಿ ನಿಷೇಧಕ್ಕೆ ಒಪ್ಪಲಿಲ್ಲ. ಬರಡು ರಾಸು ಮೇವಿಗೆ ಪೈಪೋಟಿ ಮಾಡಿದರೆ ಕರೆಯುವ ಹಸು ಸೊರಗುತ್ತದೆ ಎಂಬುದು ಅವರ ವಾದ. ಹೀಗಿದ್ದೂ ಗೋಳ್ವಲ್ಕರರ ಜೊತೆ ಗಾಢ ಸ್ನೇಹವಾಯಿತೆಂದು ಅವರೇ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಸಮಿತಿ ಹನ್ನೆರಡು ವರ್ಷ ಬದುಕಿತು, ವರದಿ ಕೊಡಲಿಲ್ಲ; ಮೊರಾರ್ಜಿ ಸರ್ಕಾರ ಅದನ್ನು ಮುಚ್ಚಿತು.

ಅದೇ ಕಾಲಕ್ಕೆ ಪಂಡಿತರಲ್ಲೂ ಜಟಾಪಟಿ ಶುರುವಾಗಿತ್ತು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ವಿನ್ ಹ್ಯಾರಿಸ್ 1966ರಲ್ಲಿ, ಹಸುವಿನ ಪಾವಿತ್ರ್ಯದ ಹಿಂದೆ ಉಳುಮೆ, ಸಗಣಿ, ಹಾಲಿನ ಗಟ್ಟಿ ಲೆಕ್ಕವಿದೆ ಎಂದರು. ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಆ ಲೆಕ್ಕವನ್ನು ಒಪ್ಪಲಿಲ್ಲ. ಮತ್ತೊಬ್ಬ ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಇನ್ನೊಂದು ಕಡೆಯಿಂದ ಬಂದರು: ಉಳುಮೆಗೆ ಎತ್ತು ಬೇಕಾದ ಉತ್ತರದಲ್ಲಿ ಗಂಡು ರಾಸು ಜಾಸ್ತಿ, ಬೇಡವಾದ ಕೇರಳದಲ್ಲಿ ಹೆಣ್ಣು ರಾಸು ಜಾಸ್ತಿ. ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಬೇಡದ ಕರು ಹೇಗೋ ಇಲ್ಲವಾಗುತ್ತದೆ.

ಆ ಬೇಡದ ಕರುವಿನಲ್ಲೇ ಡೇರಿಯ ದಾರಿಯ ಮುಳ್ಳೂ ಇದೆ. ಜಿಲ್ ತೋರಿಸಿದ ಜಾಡಿನಲ್ಲಿ ಸೀಮೆಹಸು ಮನೆಮನೆಗೆ ಬಂತು. ಹಾಲು ಹೆಚ್ಚಿತು, ನಿಜ. ಆದರೆ ನಾಟಿ ಹಸು ಹಾಕಿದ ಹೋರಿಗರುವಿಗೆ ನೊಗವಿತ್ತು. ಹಳ್ಳಿಕಾರ್ ಜೋಡಿಗೆ ಜಾತ್ರೆಯಲ್ಲಿ ಬೆಲೆಯಿತ್ತು. ಹಿಣಿಲಿಲ್ಲದ ಸೀಮೆ ಹೋರಿಗೆ ಬಿಸಿಲೂ ಆಗದು, ನೊಗವೂ ನಿಲ್ಲದು. ಅಷ್ಟರಲ್ಲಿ ಟ್ರ್ಯಾಕ್ಟರು ಬಂದು ನಾಟಿ ಎತ್ತಿನ ಕೆಲಸವನ್ನೂ ಕಿತ್ತುಕೊಂಡಿತು. ಹಾಲು ಕೊಡುವ ಹಸುವಿಗೆ ಸಂತೆಯೇ ಕಾವಲಾಯಿತು, ಅದರ ಗಂಡುಕರುವಿಗೆ ಯಾರೂ ಇಲ್ಲ. ಕಡಲೆಕಾಯಿ ತಿಂದ ಬಸವನಿಗೆ ಗುಡಿ ಕಟ್ಟಿಸಿ ವರ್ಷವರ್ಷ ಪರಿಷೆ ನಡೆಸುವ ಊರಿನಲ್ಲೇ, ಹುಟ್ಟಿದ ವಾರಕ್ಕೆ ತಾಯಿಯಿಂದ ಬೇರಾಗಿ ಬೀದಿಗೆ ಬೀಳುವ ಹೋರಿಗರುಗಳೂ ಇದ್ದಾವೆ. ಗಾಂಧೀಜಿ ಆಡುಗೋಡಿಯಲ್ಲಿ ಕೇಳಿದ ಪಾಠದಲ್ಲಿ ಹಾಲು, ಎತ್ತು ಎರಡನ್ನೂ ಕೊಡುವ ಹಸುವಿನ ಕನಸಿತ್ತು. ಎರಡನೆಯದು ಕೈಬಿಟ್ಟುಹೋಯಿತು.

ಹೀಗಿರುವಾಗ ಕಾಯಿದೆ ಮತ್ತೆ ಮೈಕೊಡವಿ ಎದ್ದಿತು. 2010ರಲ್ಲಿ ಯಡಿಯೂರಪ್ಪನವರ ಸರ್ಕಾರದ ಮಸೂದೆಯನ್ನು ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ರಾಷ್ಟ್ರಪತಿಗೆ ಕಳಿಸಿದರು, ಅಲ್ಲಿಂದ ಅಂಕಿತ ಬರಲಿಲ್ಲ. 2013ರಲ್ಲಿ ಸಿದ್ದರಾಮಯ್ಯ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. 2020ರ ಡಿಸೆಂಬರಿನಲ್ಲಿ ಹೊಸ ಮಸೂದೆ ವಿಧಾನಸಭೆ ದಾಟಿ ಪರಿಷತ್ತಿನಲ್ಲಿ ಸಿಕ್ಕಿಕೊಂಡಿತು. ಸುಗ್ರೀವಾಜ್ಞೆ ಬಂತು, ಫೆಬ್ರವರಿಯಲ್ಲಿ ಪರಿಷತ್ತಿನಲ್ಲಿ ಧ್ವನಿಮತ. ಈಗ ವಧೆಗೆ ಅವಕಾಶವಿರುವುದು ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು, ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ. ಸಬ್ ಇನ್ಸ್‌ಪೆಕ್ಟರಿಗೆ ಜಾಗ ತಪಾಸಣೆ ಮಾಡುವ, ಗಾಡಿ ಜಪ್ತಿ ಮಾಡುವ ಅಧಿಕಾರ. 1964ರ ಕಾಯಿದೆ ಎತ್ತಿಗೆ ಬಿಟ್ಟಿದ್ದ ಕಿಂಡಿ ಮುಚ್ಚಿತು. ಮುದಿ ಎತ್ತು, ಹೋರಿಗರು ಇಟ್ಟುಕೊಂಡ ರೈತನಿಗೆ ಸಂತೆಯ ದಾರಿಯೂ ಕಷ್ಟ, ಸಾಕುವುದಕ್ಕೆ ಸಾಲವೇ ಗತಿ.

ಸರ್ಕಾರಕ್ಕೂ ಇದು ಗೊತ್ತಿರಲಿಲ್ಲವೆಂದಲ್ಲ. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಬಂತು: ವರ್ಷಕ್ಕೆ ಹನ್ನೊಂದು ಸಾವಿರ ಕೊಟ್ಟು ಗೋಶಾಲೆಯ ಒಂದು ರಾಸನ್ನು ಯಾರು ಬೇಕಾದರೂ ದತ್ತು ತೆಗೆದುಕೊಳ್ಳಬಹುದಿತ್ತು. ಮನಸ್ಸಿದ್ದವರು ಕೊಡಲಿ ಎನ್ನುವ ಒಳ್ಳೆಯ ಯೋಚನೆ, ನನ್ನಂಥವರು ಮೆಚ್ಚಲೇಬೇಕಾದದ್ದು. ಕೆಲವೇ ತಿಂಗಳಲ್ಲಿ ಸರ್ಕಾರಿ ನೌಕರರ ಸಂಬಳದಿಂದ ಎ ವೃಂದಕ್ಕೆ 11,000, ಬಿ ವೃಂದಕ್ಕೆ 4,000, ಸಿ ವೃಂದಕ್ಕೆ 400 ರೂಪಾಯಿ ಕಡಿತವೆಂದು ಆದೇಶ ಹೊರಟಿತು. ಒಲ್ಲದವರು ಲಿಖಿತವಾಗಿ ತಿಳಿಸಬೇಕು. ದಾನ ಬೇಡ ಎನ್ನಲು ಅರ್ಜಿ ಬರೆಯಬೇಕಾದ ಆ ಹೊತ್ತಿಗೆ ಮನವೊಲಿಕೆ ಮತ್ತೆ ಆಜ್ಞೆಯಾಗಿತ್ತು.

2012 ಮತ್ತು 2019ರ ಜಾನುವಾರು ಗಣತಿಗಳನ್ನು ಪಕ್ಕಪಕ್ಕ ಇಟ್ಟರೆ ದೇಶದಲ್ಲಿ ಹಸುಗಳ ಸಂಖ್ಯೆ ಶೇ. 18ರಷ್ಟು ಏರಿದೆ, ಹೋರಿ ಎತ್ತುಗಳ ಸಂಖ್ಯೆ ಶೇ. 30ರಷ್ಟು ಇಳಿದಿದೆ. ನಿಷೇಧ ಬಿಗಿಯಾಗಿದ್ದ ರಾಜ್ಯ, ಸಡಿಲವಾಗಿದ್ದ ರಾಜ್ಯ ಎಲ್ಲ ಕೂಡಿದ ಲೆಕ್ಕವಿದು.

1927ರ ಆರು ಅಂಶಗಳಲ್ಲಿ ಡೇರಿಯನ್ನು ಕರ್ನಾಟಕ ಮನಸಾರೆ ಮಾಡಿತು. ಪ್ರತ್ಯೇಕ ಇಲಾಖೆ ಇದೆ, ತಳಿ ಕೇಂದ್ರಗಳಿವೆ. ಗೋಮಾಳ ಮತ್ತು ಕಾವಲುಗಳನ್ನು ಬಿಡುವ ಬದಲು ಹಂಚಿಯೂ ಒತ್ತಿಯೂ ಮುಗಿಸುತ್ತಾ ಬಂದೆವು. ದಕ್ಷಿಣ ಬೆಂಗಳೂರಿನ ಹಳ್ಳಿಗಳ ಹುಲ್ಲುಗಾವಲು ಯಾವ ಬ್ಲಾಕಿನ ಯಾವ ಕ್ರಾಸಿನಲ್ಲಿ ಕರಗಿತೆಂದು ಇನ್ನು ಹುಡುಕಿ ಪ್ರಯೋಜನವಿಲ್ಲ. ಸತ್ತ ರಾಸಿನ ಚರ್ಮದ ಮಾತನ್ನು ಗೋಭಕ್ತರು ಮುಜುಗರದಿಂದ ಮುಟ್ಟಲಿಲ್ಲ, ಆ ಕೆಲಸ ಮಾಡುತ್ತಾ ಬಂದವರನ್ನು ಮುಟ್ಟದ ಹಾಗೆಯೇ. ಪಟ್ಟಿಯ ಮೊದಲ ಅಂಶ, ಸಂತೆಗೆ ಬಂದ ರಾಸನ್ನು ಕಸಾಯಿಯವನಿಗಿಂತ ಒಂದು ಕಾಸು ಹೆಚ್ಚು ಕೊಟ್ಟು ಸರ್ಕಾರವೇ ಕೊಳ್ಳುವುದು, 1948ರಲ್ಲಾಗಲಿ, 1964ರಲ್ಲಾಗಲಿ, 2010ರಲ್ಲಾಗಲಿ, 2020ರಲ್ಲಾಗಲಿ ಯಾವ ಮಸೂದೆಯ ಜೊತೆಗೂ ಬರಲಿಲ್ಲ. ಕಾಯಿದೆಗೆ ಒಂದು ಗೆಜೆಟ್ಟಿನ ಹಾಳೆ ಸಾಕು. ರಾಸು ಕೊಂಡರೆ ಬಜೆಟ್ಟಿನಲ್ಲಿ ಅದರ ಮೇವಿಗೂ ಒಂದು ಸಾಲು ಬರೆಯಬೇಕಾಗುತ್ತದೆ, ಅದು ಸಾಯುವವರೆಗೂ ಪ್ರತಿ ವರ್ಷ.